ಮೊಂಡು ಕತ್ತರಿ

ಫೆಬ್ರವರಿ ೧೧

ನನ್ನ ಕತ್ತರಿಯನ್ನು ಕೊಂಡವರಿಗೆ,

ನೀವು ಯಾರೆಂದು ನನಗೆ ಗೊತ್ತಿಲ್ಲ. ಹಳೇ ಸಾಮಾನಿನ ಅಂಗಡಿಯವರು ಹೇಳಲು ಒಪ್ಪಲಿಲ್ಲ. “ಕಾಗದ ಬರೆದು ಕೊಡಿ, ತಲುಪಿಸ್ತೀನಿ. ಆಮೇಲೆ ಅವರುಂಟು ನೀವುಂಟು” ಎಂದರು. ಇದನ್ನು ಓದುವಷ್ಟು ಪುರುಸೊತ್ತನ್ನು ದೇವರು ನಿಮಗೆ ಕೊಡಲಿ.

ನಾನು ಬಟ್ಟೆ ಹೊಲಿಯುವವಳು. ಒಂದೇ ಕೋಣೆಯ ಅಂಗಡಿ. ಎರಡು ಯಂತ್ರ, ಒಂದು ಮೇಜು. ಅದು ಅಮ್ಮನದಾಗಿತ್ತು, ಹೋದ ವರ್ಷ ಅವಳು ತೀರಿಕೊಂಡ ಮೇಲೆ ನನ್ನದಾಯಿತು. ಹೊಲಿದ ಪ್ರತಿ ಬಟ್ಟೆಯ ಒಳಮಡಿಕೆಯಲ್ಲಿ ಹೆಚ್ಚಿಗೆ ಒಂದು ಗುಂಡಿ ಹಾಕಿ ಕೊಡುವುದು ನನ್ನ ಅಭ್ಯಾಸ. ಅದಕ್ಕೇ ಬೀದಿಯವರು ಗುಂಡಿಯಮ್ಮ ಎನ್ನುತ್ತಾರೆ. ನೀವೂ ಹಾಗೇ ಕರೆಯಬಹುದು.

ನೀವು ಕೊಂಡ ಕತ್ತರಿ ನಮ್ಮಮ್ಮನ ಅಜ್ಜಿಯದು. ಒಬ್ಬ ಕಮ್ಮಾರ ಅವಳ ಕೈಯನ್ನು ಹಲಗೆಯ ಮೇಲೆ ಇಡಿಸಿ, ಸುತ್ತ ಇದ್ದಿಲಿನಲ್ಲಿ ಗೀಚಿ, ಅದೇ ಅಳತೆಗೆ ಮಾಡಿದ್ದಂತೆ. ಅವನ ಮೂರು ಮಕ್ಕಳಿಗೆ ಚಳಿಗಾಲದ ಅಂಗಿ ಹೊಲಿದುಕೊಟ್ಟು ಅವಳು ಅದನ್ನು ತಂದಳಂತೆ. ಕೀಲಿನ ಪಕ್ಕದಲ್ಲಿ ಒಂದು ಗುಬ್ಬಚ್ಚಿ ಕೆತ್ತಿದೆ, ನೋಡಿರಬಹುದು. ಮೂರು ತಲೆಮಾರಿನ ಕೈ ಉಜ್ಜಿ ಉಜ್ಜಿ ಅದರ ಕೊಕ್ಕು ಸವೆದಿದೆ.

ಅಮ್ಮ ಹೋದ ಮೇಲೆ ಆ ಕತ್ತರಿ ಕತ್ತರಿಸುವುದನ್ನೇ ಬಿಟ್ಟಿತು. ಬಟ್ಟೆಯನ್ನು ಮಡಚಿ ಬಾಯಿಗೆ ಹಾಕಿಕೊಂಡು ಹಲ್ಲಿಲ್ಲದ ಮುದುಕಿಯಂತೆ ಅಗಿಯುತ್ತಿತ್ತು. ಮೂರು ಸಲ ಸಾಣೆ ಹಿಡಿಸಿದೆ. ಕೊನೆಗೆ ಸಾಣೆಯವರೇ, “ಗುಂಡಿಯಮ್ಮ, ಇದು ಯಜಮಾನಿ ಜೊತೆನೇ ಹೋಯ್ತು ಅಂದ್ಕೊಳ್ಳಿ” ಎಂದರು. ಅಕ್ಕನೂ ಮಾರಿಬಿಡು ಎಂದಳು. ಮಾರಿದೆ.

ಮಾರಿ ಮೂರು ವಾರವಾಯಿತು. ಗೋಡೆಗೆ ಎಷ್ಟೋ ಸಲ ಬಣ್ಣ ಬಳಿಸಿದ್ದೇವೆ, ಆದರೆ ಕತ್ತರಿಯನ್ನು ಮೊಳೆಯಿಂದ ತೆಗೆಯಲು ಅಮ್ಮ ಬಿಡುತ್ತಿರಲಿಲ್ಲ. ಬಣ್ಣದವರು ಅದರ ಸುತ್ತ ಬಳಿದು ಹೋಗುತ್ತಿದ್ದರು. ಈಗ ಅಲ್ಲಿ ಹಳೆಯ ಬೂದು ಬಣ್ಣದ ಕತ್ತರಿಯೊಂದು ಗೋಡೆಯಲ್ಲೇ ಉಳಿದಿದೆ. ದಿನಾ ಬೆಳಿಗ್ಗೆ ದೇವರ ಮುಂದೆ ಕೈ ಮುಗಿದು ನಿಲ್ಲುತ್ತೇನೆ, ಕಣ್ಣು ಮಾತ್ರ ಮೊಳೆಯ ಕಡೆಗೆ ಹೋಗುತ್ತದೆ. ಇದು ದೇವರಿಗೂ ಸರಿ ಕಾಣಲಿಕ್ಕಿಲ್ಲ.

ಅದರಿಂದ ನಿಮಗೂ ಉಪಯೋಗವಿಲ್ಲ. ಮೊಂಡು ಕತ್ತರಿ. ನೀವು ಕೊಟ್ಟದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ. ಹಿಂದಕ್ಕೆ ಕೊಟ್ಟರೆ ಪ್ರಾರ್ಥನೆಯಲ್ಲಿ ನಿಮ್ಮನ್ನು ದಿನಾ ನೆನೆಯುತ್ತೇನೆ.

ಕಾಯುತ್ತಿರುವ,
ಗುಂಡಿಯಮ್ಮ


ಫೆಬ್ರವರಿ ೨೭

ಗುಂಡಿಯಮ್ಮನವರಿಗೆ,

ಮೊಂಡೇ?

ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿಸಿದೆ. ನಮ್ಮ ಕೋಣೆಯವರೆಲ್ಲ ಸೂಜಿ ಕೆಳಗಿಟ್ಟು ನಕ್ಕರು. ತಪ್ಪು ತಿಳಿಯಬೇಡಿ, ನಿಮ್ಮನ್ನು ನೋಡಿ ನಕ್ಕದ್ದಲ್ಲ. ನೀವು ಮೊಂಡು ಎಂದ ಕತ್ತರಿ ಅದೇ ಹೊತ್ತಿಗೆ ನನ್ನ ಕೈಯಲ್ಲಿ ಆರು ಪದರ ಮಖಮಲ್ಲನ್ನು ಬೆಣ್ಣೆಯಂತೆ ಸೀಳುತ್ತಿತ್ತು.

ನಾನು ಒಂದು ನಾಟಕ ಕಂಪನಿಯಲ್ಲಿ ಉಡುಪು ಕತ್ತರಿಸುವವಳು. ಹೊಲಿಯುವವರು ಬೇರೆ, ನನ್ನದು ಕತ್ತರಿ ಕೆಲಸ ಮಾತ್ರ. ಇಲ್ಲಿ ನನ್ನನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಾರೆ. ಅದರಲ್ಲೇ ನಿಮಗೆ ಉತ್ತರವಿದೆ. ನಿಮ್ಮ ತಾಯಿ ಎಡಗೈಯವರು, ಅಲ್ಲವೇ?

ಇದು ಎಡಗೈಯವರಿಗೆಂದೇ ಮಾಡಿದ ಕತ್ತರಿ. ಅಲಗುಗಳು ಅದಲು ಬದಲಾಗಿ ಕೂತಿವೆ. ಎಡಗೈಯಲ್ಲಿ ಒತ್ತಿದರೆ ಒಂದಕ್ಕೊಂದು ಅಪ್ಪಿಕೊಳ್ಳುತ್ತವೆ. ಬಲಗೈಯಲ್ಲಿ ಒತ್ತಿದರೆ ಜಗಳವಾಡಿದವರ ಹಾಗೆ ದೂರ ಸರಿಯುತ್ತವೆ, ನಡುವೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಸಾಣೆಯವರೂ ಬಲಗೈಯವರೇ ಇರಬೇಕು.

ಮೂವತ್ತೊಂದು ವರ್ಷ ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ನನ್ನ ಹೆಬ್ಬೆರಳಿನ ಬುಡ ನೆಲ್ಲಿಕಾಯಿಯಷ್ಟು ಊದಿತ್ತು. ಈ ವರ್ಷ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದೆ. ಯಾವುದೋ ಹಳೆಯ ಕುರ್ಚಿ ಹುಡುಕಿಕೊಂಡು ಆ ಅಂಗಡಿಗೆ ಹೋದವಳು ಇದನ್ನು ಕೈಗೆತ್ತಿಕೊಂಡೆ, ಜೇಬಿನಲ್ಲಿದ್ದ ಕರವಸ್ತ್ರವನ್ನೇ ಕತ್ತರಿಸಿ ನೋಡಿದೆ. ಅಂಗಡಿಯವರು ನನ್ನ ಮುಖ ನೋಡಿ, “ಅಳ್ತಿದೀರಾ?” ಎಂದರು. “ಕರವಸ್ತ್ರ ಹೋಯ್ತಲ್ಲ, ಅದಕ್ಕೆ” ಎಂದೆ.

ಕೊಡುವುದಿಲ್ಲ ಎನ್ನಲು ನನಗೆ ನಾಲಿಗೆ ಬರುತ್ತಿಲ್ಲ. ಕೊಡುತ್ತೇನೆ ಎನ್ನಲು ಕೈ ಬರುತ್ತಿಲ್ಲ.

ಎಡಚಿ


ಮಾರ್ಚ್ ೬

ಎಡಚಿಯವರಿಗೆ,

ಹಾಗೆ ಕರೆಯಲು ಸಂಕೋಚ. ಆದರೆ ನೀವೇ ಹಾಗೆಂದು ಸಹಿ ಹಾಕಿದ್ದೀರಿ.

ನಿಮ್ಮ ಕಾಗದ ಓದಿ ಮೇಜಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತೆ. ಹದಿನೈದನೇ ವಯಸ್ಸಿನಿಂದ ಕತ್ತರಿ ಹಿಡಿದವಳು ನಾನು. ಅಮ್ಮನ ಕೈ ಎಡ ಎಂದು ಗೊತ್ತಿತ್ತು. ಕತ್ತರಿಯೂ ಎಡ ಎಂದು ಗೊತ್ತಿರಲಿಲ್ಲ. ಮನೆಯ ದೀಪಕ್ಕೆ ಮನೆಯವರೇ ಕುರುಡು.

ಅದಕ್ಕೆ ಕಾರಣವನ್ನೂ ಹೇಳುತ್ತೇನೆ. ಅಮ್ಮ ಯಾರ ಮುಂದೆಯೂ ಬಟ್ಟೆ ಕತ್ತರಿಸುತ್ತಿರಲಿಲ್ಲ. ಅಳತೆ ಮುಂದಿನ ಕೋಣೆಯಲ್ಲಿ, ಹೊಲಿಗೆ ಮುಂದಿನ ಕೋಣೆಯಲ್ಲಿ. ಕತ್ತರಿಸುವಾಗ ಮಾತ್ರ ಮೇಜಿನ ಸುತ್ತ ಪರದೆ. ಒಳಗಿನಿಂದ ಕರ್ ಕರ್ ಎಂದು ಒಂದೇ ಲಯದ ಸದ್ದು. ಸದ್ದು ನಿಂತು ಪರದೆ ಸರಿದಾಗ ಕತ್ತರಿ ಗೋಡೆಯ ಮೇಲಿರುತ್ತಿತ್ತು, ಅವಳ ಎಡಗೈ ಏಪ್ರನ್ನಿನ ಜೇಬಿನಲ್ಲಿರುತ್ತಿತ್ತು. ಕತ್ತರಿಯನ್ನು ಯಾರಾದರೂ ಮುಟ್ಟಿದರೆ “ಮುಟ್ಟಿದ ಕೈ ಮುರೀತೀನಿ” ಎನ್ನುತ್ತಿದ್ದಳು. ನಾನು ಅಂಗಡಿಯಲ್ಲಿ ಕೊಂಡ ಕತ್ತರಿಯಲ್ಲೇ ಕಲಿತೆ.

ಅವಳು ಕತ್ತರಿಸಿ ಹೊರಗೆ ತಂದ ಬಟ್ಟೆಯನ್ನು ನೀವು ನೋಡಬೇಕಿತ್ತು. ಸೀಮೆಸುಣ್ಣದ ಗೆರೆ ಇಲ್ಲ, ಕಾಗದದ ಮಾದರಿ ಇಲ್ಲ. ಕತ್ತುಪಟ್ಟಿಯ ಕಮಾನನ್ನು ಒಂದೇ ಉಸಿರಿಗೆ ಕತ್ತರಿಸುತ್ತಿದ್ದಳು, ಎರಡು ತುದಿ ಜೋಡಿಸಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ನನ್ನ ಹೊಲಿಗೆ ಗಟ್ಟಿ ಎಂದು ಬೀದಿಯಲ್ಲಿ ಹೆಸರಿದೆ. ಕತ್ತರಿಕೆ ಮಾತ್ರ ದೇವರಿಗೇ ಪ್ರೀತಿ. “ಗುಂಡಿಯಮ್ಮ ಕತ್ತರಿಸಿದ ಅಂಗಿ ಹಾಕ್ಕೋಬೇಕಾದ್ರೆ ಒಂದು ಭುಜ ಎತ್ತಿ ನಡೀಬೇಕು” ಎಂದು ಎದುರು ಮನೆಯ ಬಡಗಿ ತಮಾಷೆ ಮಾಡುತ್ತಾನೆ.

ನಿಮ್ಮ ಹೆಬ್ಬೆರಳಿನ ನೋವು ಕಡಿಮೆಯಾದದ್ದು ಸಂತೋಷ. ಆದರೂ ನಾಚಿಕೆ ಬಿಟ್ಟು ಮತ್ತೆ ಕೇಳುತ್ತೇನೆ. ನನಗದು ಬೇಕು. ಕತ್ತರಿಸಲು ಅಲ್ಲ, ಗೋಡೆಗೆ.

ಗುಂಡಿಯಮ್ಮ


ಮಾರ್ಚ್ ೨೯

ಗುಂಡಿಯಮ್ಮ,

ಗೋಡೆಗೆ! ಓಡುವ ಕುದುರೆಯನ್ನು ತಂದು ಗೋಡೆಗೆ ನೇತುಹಾಕುತ್ತೀರಾ? ಸಿಟ್ಟು ಬಂತು, ಮೂರು ವಾರ ಬರೆಯಲಿಲ್ಲ.

ಸಿಟ್ಟು ಇಳಿದ ಮೇಲೆ ನಿಮ್ಮ ತಾಯಿಯ ಪರದೆಯ ಮಾತನ್ನು ಮತ್ತೆ ಓದಿದೆ. ಮೊದಲ ಕೆಲಸದ ಜಾಗದಲ್ಲಿ ನನ್ನ ಎಡಗೈ ಮೇಲೆ ಅಳತೆ ಕೋಲಿನಿಂದ ಹೊಡೆದಿದ್ದರು. ಆ ಕೋಲಿನ ಪೆಟ್ಟು ತಿಂದವಳು ನಿಮ್ಮ ತಾಯಿಯ ಕತ್ತರಿಯನ್ನು ನಿಮಗೆ ಕೊಡದೆ ಇಟ್ಟುಕೊಂಡರೆ ಅದು ದಕ್ಕುವುದಿಲ್ಲ.

ಮೇ ಮಧ್ಯದಲ್ಲಿ ನಮ್ಮ ಹೊಸ ನಾಟಕ. ಅರವತ್ತು ಉಡುಪುಗಳಿವೆ. ಅಲ್ಲಿಯವರೆಗೆ ಬಿಡಿ. ನಾಟಕ ಶುರುವಾದ ಮೇಲೆ ಬಂದು ತೆಗೆದುಕೊಂಡು ಹೋಗಿ. ಒಂದು ಕಾಸೂ ಬೇಡ.

ಲಕೋಟೆಯಲ್ಲಿ ಕೆಲವು ಬಟ್ಟೆಯ ಪಟ್ಟಿಗಳಿವೆ. ಕತ್ತರಿಯ ಹಿಡಿಯಲ್ಲಿ ಹೆಬ್ಬೆರಳು ತೂರಿಸುವ ಬಳೆಯ ಸುತ್ತ ಇವುಗಳನ್ನು ಒಂದರ ಮೇಲೊಂದು ಸುತ್ತಿದ್ದರು. ನನ್ನ ಹೆಬ್ಬೆರಳು ದಪ್ಪ, ಅದಕ್ಕೆ ಬಿಚ್ಚಬೇಕಾಯಿತು. ಎಸೆಯಲು ಮನಸ್ಸಾಗಲಿಲ್ಲ. ಒಳಗಿನಿಂದ ಹೊರಗೆ ಯಾವ ಸಾಲಿನಲ್ಲಿದ್ದವೋ ಅದೇ ಸಾಲಿನಲ್ಲಿ ಪೋಣಿಸಿದ್ದೇನೆ.

ಎಡಚಿ


ಏಪ್ರಿಲ್ ೩

ಅಕ್ಕಾ,

ನಿನ್ನ ಶಾಲೆಯ ಅಡುಗೆಮನೆಯಲ್ಲಿ ಈಗ ಪರೀಕ್ಷೆಯ ಗಲಾಟೆ ಇರಬೇಕು. ನೂರಾರು ಮಕ್ಕಳ ಹಸಿವಿನ ನಡುವೆ ಇದನ್ನೂ ಓದು.

ಅಮ್ಮನ ಕತ್ತರಿ ಸಿಕ್ಕಿದೆ. ಮೇ ತಿಂಗಳಲ್ಲಿ ಕೈಗೆ ಬರುತ್ತದೆ. ಅದು ಮೊಂಡಾಗಿರಲಿಲ್ಲ ಅಕ್ಕ, ಎಡಗೈಯ ಕತ್ತರಿಯಂತೆ. ನನ್ನ ದಡ್ಡತನಕ್ಕೆ ಇನ್ನೇನು ಹೇಳಲಿ. ಕೊಂಡವರು ದೊಡ್ಡ ಮನಸ್ಸಿನವರು. ಬಾಯಿ ಸ್ವಲ್ಪ ಖಾರ.

ಹಿಡಿಗೆ ಸುತ್ತಿದ್ದ ಪಟ್ಟಿಗಳನ್ನು ಕಳಿಸಿದ್ದಾರೆ. ಒಂಬತ್ತಿವೆ. ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡುತ್ತಿದ್ದೇನೆ. ಎಲ್ಲಕ್ಕಿಂತ ಮೇಲಿನದು ಅಮ್ಮ ಕೊನೆಗೆ ಹೊಲಿದ ದಿಂಬಿನ ಚೀಲದ್ದು. ಅದರ ಕೆಳಗೆ ನನ್ನ ಮದುವೆಯ ನೀಲಿ. ಆಮೇಲೆ ನಿನ್ನ ಮೊದಲ ಕೆಲಸದ ಬಿಳಿ ಅಂಗಿ, ಅಪ್ಪನ ಕೋಟಿನ ಅಸ್ತರು, ಅಡುಗೆಮನೆಯ ಕಿಟಕಿಯ ಹೂವಿನ ಪರದೆ. ಅಂಗಡಿಯಲ್ಲಿ ತುಂಡುಗಳಿಗೇನು ಬರ, ಆದರೆ ಅಮ್ಮ ಗಿರಾಕಿಯ ತುಂಡು ಒಂದನ್ನೂ ಸುತ್ತಿಲ್ಲ. ಎಲ್ಲ ಮನೆಯದೇ.

ಕೊನೆಯದು ಮಾತ್ರ ಗುರುತು ಹತ್ತುತ್ತಿಲ್ಲ. ಎಲ್ಲಕ್ಕಿಂತ ಒಳಗೆ, ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಹಳದಿ ಗೀರಿನ ಬಟ್ಟೆ, ಎರಡು ಬೆರಳಗಲ. ಒಂದು ತುದಿಯಲ್ಲಿ ಸಣ್ಣ ಕುಣಿಕೆ, ಬಹಳ ಮೃದುವಾಗಿ ಒಳಗೆ ಹತ್ತಿ ಇಟ್ಟು ಹೊಲಿದಿದ್ದಾಳೆ. ಕತ್ತರಿಗೆ ಸುತ್ತುವ ಪಟ್ಟಿಗೆ ಕುಣಿಕೆ ಯಾಕೆ? ನಿನಗೇನಾದರೂ ನೆನಪಿದೆಯೇ?

ನಿನ್ನ ತಂಗಿ


ಮೇ ೨

ಪುಟ್ಟಿ,

ನಿನ್ನ ಕಾಗದ ಬಂದು ತಿಂಗಳಾಯಿತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಹಳದಿ ಗೀರಿನದು ನಿನ್ನದು.

ನಿನಗೆ ಆಗ ಮೂರು ವರ್ಷ, ನನಗೆ ಹತ್ತು. ಚಮಚ, ಬಳಪ, ಗೊಂಬೆ, ಏನು ಕೊಟ್ಟರೂ ನೀನು ಎಡಗೈಯೇ ಚಾಚುತ್ತಿದ್ದೆ. ಒಂದು ದಿನ ಅಂಗಡಿಯಲ್ಲಿ ಒಬ್ಬ ಗಿರಾಕಿ ಹೆಂಗಸು, “ಅಯ್ಯೋ, ತಾಯಿ ಹಾಗೇ ಮಗಳು. ಇನ್ನೊಂದು ಎಡಚಿ ಹುಟ್ಟಿದೆ ನೋಡಿ” ಎಂದು ನಕ್ಕಳು. ಜೊತೆಗಿದ್ದವರೂ ನಕ್ಕರು. ಅಮ್ಮನೂ ನಕ್ಕಳು. ಅವತ್ತು ಸಂಜೆ ಅವಳು ಆ ಪಟ್ಟಿ ಹೊಲಿದಳು. ಕುಣಿಕೆ ನಿನ್ನ ಎಡಗೈಯ ಮಣಿಕಟ್ಟಿಗೆ, ಇನ್ನೊಂದು ತುದಿ ನಿನ್ನ ಸೊಂಟಕ್ಕೆ. ನೋಯಬಾರದು ಎಂದು ಹತ್ತಿ ಇಟ್ಟಿದ್ದಳು.

ಕಟ್ಟುತ್ತಿದ್ದವಳು ಅಮ್ಮ ಅಲ್ಲ. ಅವಳಿಗೆ ಆಗುತ್ತಿರಲಿಲ್ಲ. “ನೀನು ಕಟ್ಟೇ” ಎಂದು ನನಗೆ ಹೇಳಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ದಿನಾ ಬೆಳಿಗ್ಗೆ ಗಂಟು ಹಾಕುತ್ತಿದ್ದವಳು ನಾನು. ನೀನು ಮೊದಮೊದಲು ಅಳುತ್ತಿದ್ದೆ. ಆಮೇಲೆ ನೀನಾಗಿಯೇ ಕೈ ಮುಂದೆ ಚಾಚಿ ನಿಲ್ಲುತ್ತಿದ್ದೆ, ಕಟ್ಟಕ್ಕಾ ಎಂದು. ಅದು ಅಳುವಿಗಿಂತ ಕಷ್ಟವಾಗಿತ್ತು.

ಎಂಟು ತಿಂಗಳಾದ ಮೇಲೆ ನೀನು ಬಲಗೈಯಲ್ಲಿ ಬಳಪ ಹಿಡಿದೆ. ಅಮ್ಮ ಪಟ್ಟಿ ಬಿಚ್ಚಿ ತೆಗೆದುಕೊಂಡಳು. ಒಲೆಗೆ ಹಾಕಿದಳು ಎಂದೇ ನಲವತ್ತಾರು ವರ್ಷ ನಂಬಿದ್ದೆ.

ನಿನ್ನ ಕೈ ಕೆಡಿಸಬೇಕೆಂದಲ್ಲ ಪುಟ್ಟಿ. ಪರದೆಯ ಹಿಂದಿನ ಬದುಕು ಒಬ್ಬಳಿಗೆ ಸಾಕು ಎಂದುಕೊಂಡಿದ್ದಳು.

ಕತ್ತರಿಯನ್ನು ಮಾರಿಬಿಡು ಎಂದವಳು ನಾನೇ. ಅದನ್ನು ಗೋಡೆಯ ಮೇಲೆ ನೋಡಿದಾಗಲೆಲ್ಲ ನನ್ನ ಬೆರಳಿಗೆ ಆ ಗಂಟು ನೆನಪಾಗುತ್ತಿತ್ತು.

ನಿನ್ನ ಅಕ್ಕ


ಮೇ ೨೦

ಗುಂಡಿಯಮ್ಮ,

ನಾಟಕ ಶುರುವಾಯಿತು. ಅರವತ್ತೂ ಉಡುಪು ಮೈಗೆ ಕೂತವು, ಒಂದೂ ಬಿಚ್ಚಿಕೊಳ್ಳಲಿಲ್ಲ. ರಾಜನ ಮೇಲಂಗಿ ನೋಡಿ ಜನ ಮಾತಿಗೆ ಮೊದಲೇ ಚಪ್ಪಾಳೆ ತಟ್ಟಿದರು. ರಾಜ ತನಗೇ ಎಂದುಕೊಂಡ, ಪಾಪ.

ಕತ್ತರಿಗೆ ಎಣ್ಣೆ ಹಾಕಿ ಒರೆಸಿಟ್ಟಿದ್ದೇನೆ. ಯಾವ ಗುರುವಾರವಾದರೂ ಬನ್ನಿ, ಅಂದು ಆಟವಿಲ್ಲ. ಹಿಂಬಾಗಿಲು, ಎರಡನೇ ಮಹಡಿ.

ಎಡಚಿ


ಜೂನ್ ೧

ಅಕ್ಕಾ,

ಹೋಗಿ ಬಂದೆ.

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಹೋದದ್ದು ಸಿಟ್ಟಿನಿಂದ ಅಲ್ಲ. ಪಟ್ಟಿಯನ್ನು ಪ್ರಾರ್ಥನೆಯ ಪುಸ್ತಕದಲ್ಲಿಟ್ಟು, ಪುಸ್ತಕ ತೆರೆಯಲು ಹೆದರಿ, ಹದಿನೈದು ದಿನ ಬಾಯಿಪಾಠದಲ್ಲೇ ದೇವರನ್ನು ಕರೆದೆ.

ಆ ಕೋಣೆಯನ್ನು ನೀನು ನೋಡಬೇಕು. ಉದ್ದ ಗೋಡೆಗೆ ಪೂರ್ತಿ ಕಿಟಕಿಗಳು. ಗೂಟಗಳಲ್ಲಿ ತಲೆಯಿಲ್ಲದ ರಾಣಿಯರು, ಕಳ್ಳರು, ಸಿಪಾಯಿಗಳು. ನಡುವೆ ನಾಲ್ಕು ಜನ ಮಲಗುವಷ್ಟು ದೊಡ್ಡ ಮೇಜು. ಗುರುವಾರವಾದರೂ ಹತ್ತು ಹನ್ನೊಂದು ಜನ ಕೆಲಸದಲ್ಲಿದ್ದರು. ಎಡಚಿ ನನಗಿಂತ ಕುಳ್ಳಿ, ಜಡೆಯಲ್ಲಿ ಮೂರು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. “ಕೂತ್ಕೊಳ್ಳಿ, ಈ ಒಂದು ತೋಳು ಮುಗಿಸ್ತೀನಿ. ಕೊನೇದು” ಎಂದಳು.

ಅವಳು ಕತ್ತರಿಸುವುದನ್ನು ನೋಡಿದೆ. ಅಕ್ಕ, ಹೇಗೆ ಹೇಳಲಿ? ಅದೇ ಸದ್ದು. ಅದೇ ಲಯ. ಪರದೆಯ ಈಚೆ ಕೂತು ಹದಿನೈದನೇ ವಯಸ್ಸಿನಿಂದ ಕೇಳಿದ್ದೆನಲ್ಲ, ಆ ಸದ್ದಿಗೆ ಕೈ ಹೇಗಿರುತ್ತದೆ ಎಂದು ಮೊದಲ ಸಲ ಕಂಡೆ. ಬಟ್ಟೆಯನ್ನು ಎತ್ತುವುದಿಲ್ಲ, ಎಳೆಯುವುದಿಲ್ಲ. ಕತ್ತರಿಯ ಕೆಳ ಅಲಗು ಮೇಜಿನ ಮೇಲೆ ದೋಣಿಯ ಹಾಗೆ ತೇಲಿಕೊಂಡು ಹೋಗುತ್ತದೆ, ಬಟ್ಟೆ ತಾನಾಗಿ ದಾರಿ ಬಿಡುತ್ತದೆ. ಕಂಕುಳಿನ ತಿರುವಿನಲ್ಲಿ ನಾನು ನಾಲ್ಕು ಸಲ ನಿಲ್ಲಿಸುತ್ತೇನೆ. ಅವಳು ಉಸಿರನ್ನೂ ನಿಲ್ಲಿಸಲಿಲ್ಲ. ನಡುವೆ ಯಾರಿಗೋ, “ಏ ಗಂಟುಮೋರೆ, ಆ ಅಂಚು ಇಸ್ತ್ರಿ ಮಾಡು ಅಂದಿದ್ನಲ್ಲ” ಎಂದು ಗದರಿದಳು. ಕೈ ನಡೆಯುತ್ತಲೇ ಇತ್ತು.

ಆಮೇಲೆ ಕತ್ತರಿಯನ್ನು ಒರೆಸಿ ನನ್ನ ಮುಂದೆ ಹಿಡಿದಳು. “ತಗೊಳ್ಳಿ. ನಿಮ್ಮದು.”

ನಾನು ಕೈ ಚಾಚಿದೆ.

“ಆ ಕೈ ಅಲ್ಲ” ಎಂದಳು.

ನಿನ್ನ ಕಾಗದದ ವಿಷಯ ನಾನು ಅವಳಿಗೆ ಒಂದಕ್ಷರವೂ ಹೇಳಿರಲಿಲ್ಲ. “ಯಾಕೆ ಹಾಗಂತೀರಿ?” ಎಂದೆ.

“ಬಾಗಿಲು ತಳ್ಳಿದ್ದು ಯಾವ ಕೈ? ಕುರ್ಚಿ ಎಳೆದದ್ದು? ಕಣ್ಣು ಒರೆಸಿಕೊಂಡಿದ್ದು? ಹಾವಿನ ಹೆಜ್ಜೆ ಹಾವಿಗೆ ಗೊತ್ತಾಗಲ್ವೇನ್ರೀ?”

ಒಂದು ತುಂಡು ಬಟ್ಟೆ ಹಾಸಿದಳು. ನಾನು ಕತ್ತರಿಯನ್ನು ಎಡಗೈಗೆ ತೆಗೆದುಕೊಂಡೆ. ಬಳೆಯೊಳಗೆ ಹೆಬ್ಬೆರಳು ಕೂತಿತು ಅಕ್ಕ. ಆ ಕಮ್ಮಾರ ಇದ್ದಿಲಿನಲ್ಲಿ ಗೀಚಿದ್ದು ನನ್ನ ಕೈಯನ್ನೇ ಇರಬೇಕು, ಹಾಗೆ ಕೂತಿತು. ಸೀಮೆಸುಣ್ಣದ ಗೆರೆ ಹಾಕಲಿಲ್ಲ. ಒಂದು ಕತ್ತುಪಟ್ಟಿಯ ಕಮಾನು ಕತ್ತರಿಸಿದೆ. ಅಮ್ಮನದರಷ್ಟು ಚೆಂದವಲ್ಲ. ಆದರೆ ಮಡಚಿ ತುದಿಗೆ ತುದಿ ಜೋಡಿಸಿದರೆ ಕೂಡಿತು. ಇಷ್ಟು ವರ್ಷ ನನ್ನ ಕೈಯೇ ಮೊಂಡು ಎಂದುಕೊಂಡಿದ್ದೆ.

ಗಂಟುಮೋರೆ ಎನ್ನಿಸಿಕೊಂಡವನು ಇಸ್ತ್ರಿ ಪೆಟ್ಟಿಗೆ ಬಿಟ್ಟು ಬಂದು ನೋಡಿ, “ಎಡಚಕ್ಕಾ, ನಿಮಗೊಬ್ಬಳು ತಂಗಿ ಸಿಕ್ಕಿದಳು” ಎಂದ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಮುಳ್ಳಿರಲಿಲ್ಲ.

ಅದನ್ನು ತರಲೆಂದೇ ಹೋದವಳು. ತರಲಿಲ್ಲ. ಮೇಜಿನ ಮೇಲೆ ಇಟ್ಟು ಬಂದೆ.

ಅಮ್ಮ ಪರದೆ ಎಳೆದುಕೊಂಡು ಮಾಡಿದ ಕೆಲಸವನ್ನು ಈಕೆ ಅಷ್ಟು ಜನರ ನಡುವೆ, ಕಿಟಕಿಯ ಬೆಳಕಿನಲ್ಲಿ, ಬೈಯುತ್ತಾ ನಗುತ್ತಾ ಮಾಡುತ್ತಾಳೆ. ಆ ಕತ್ತರಿ ತನ್ನ ಆಯಸ್ಸಿನಲ್ಲಿ ಮೊದಲ ಸಲ ಬೆಳಕಿಗೆ ಬಂದಿದೆ. ಅದನ್ನು ಕರೆತಂದು ಮತ್ತೆ ಮೊಳೆಗೆ ಹಾಕಲೇ? ಅಮ್ಮನಿದ್ದಿದ್ದರೆ ಆ ಹೆಂಗಸಿನ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಮ್ಮ ಇಲ್ಲದ್ದರಿಂದ ನಾನು ಒತ್ತಿಕೊಂಡೆ. ಅವಳು, “ಬಿಡ್ರೀ, ಎಣ್ಣೆ ಮೆತ್ತಿದೆ” ಎಂದು ಕೈ ಎಳೆದುಕೊಂಡಳು.

ಮಾರಿದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆಯೇ ಎಂದರೆ, ಉರಿಯುತ್ತದೆ. ಸುಳ್ಳು ಹೇಳುವುದಿಲ್ಲ.

ಕೈ ಮುಗಿಯಲು ಎರಡೂ ಕೈ ಬೇಕು ಅಕ್ಕ. ಅದರಲ್ಲಿ ಯಾವುದು ಮೇಲು ಎಂದು ದೇವರು ಯಾವತ್ತೂ ಕೇಳಿದವನಲ್ಲ, ಕೇಳಿದವರು ನಾವು. ನೀನಾಗ ಹತ್ತು ವರ್ಷದ ಹುಡುಗಿ. ಆ ಗಂಟು ಹಾಕಿದ ಬೆರಳುಗಳೇ ನಾನು ಶಾಲೆ ಬಿಡುವವರೆಗೂ ನನಗೆ ಜಡೆ ಹೆಣೆದವು. ನನಗೆ ಅದು ನೆನಪಿದೆ, ಗಂಟು ನೆನಪಿಲ್ಲ.

ರಜೆಗೆ ಬಾ. ಕತ್ತರಿ ಇಲ್ಲದ ಗೋಡೆಯನ್ನು ಇಬ್ಬರೂ ಸೇರಿ ನೋಡೋಣ.

ನಿನ್ನ ಪುಟ್ಟಿ


ಜೂನ್ ೯

ಎಡಚಿ,

ಅಕ್ಷರ ನೋಡಿ ನಗಬೇಡಿ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇಷ್ಟಕ್ಕೇ ಬೆಳಗಿನಿಂದ ಮಧ್ಯಾಹ್ನವಾಯಿತು.

ಇದರ ಜೊತೆ ಹಳದಿ ಗೀರಿನ ಪಟ್ಟಿ ಇದೆ. ಯಾತರದ್ದೆಂದು ಎದುರಿಗೆ ಹೇಳುತ್ತೇನೆ. ಅಮ್ಮ ಅದನ್ನು ಎಲ್ಲಕ್ಕಿಂತ ಒಳಗೆ ಸುತ್ತಿದ್ದಳು. ನೀವು ಇದೊಂದನ್ನೇ ಹೊರಗೆ ಕಾಣುವ ಹಾಗೆ ಇನ್ನೊಂದು ಬಳೆಗೆ ಸುತ್ತಿ, ಬೆರಳಿಗೆ ತಾಗುವ ಹಾಗೆ.

ಗುರುವಾರ ಬರುತ್ತೇನೆ. ಮೇಜಿನಲ್ಲಿ ಕಿಟಕಿಯ ಕಡೆ ಸ್ವಲ್ಪ ಜಾಗ ಬಿಡಿ.

ಗುಂಡಿಯಮ್ಮ